ಸರೋಜಾ ಆಂಟಿಯ ಐರಿಷ್ ಉದ್ಧರಣೆ

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ಆಗ ಅಲ್ಲಿ ಬೇರೆ ಯಾರಿದ್ದರು? ಅದನ್ನು ಆಗಲೇ ದಾಖಲು ಮಾಡಿದಿರೋ, ಆಮೇಲೆ ನೆನಪು ಮಾಡಿಕೊಂಡು ಹೇಳುತ್ತಿದ್ದೀರೋ? ನಿಮಗೆ ಆ ವಿಷಯ ಬೇರೆ ದಾರಿಯಿಂದ ತಿಳಿದಿರಬಹುದಲ್ಲವೆ? ಸಾಮಾನ್ಯವಾಗಿ ಎರಡನೆಯ ಪ್ರಶ್ನೆಗೇ ಎದುರಿನವರ ಮುಖ ಸಣ್ಣದಾಗುತ್ತಿತ್ತು. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ತಂಡದಲ್ಲಿ ಬೆಳೆದವಳು ನಾನು. ಶಕುನ, ದೆವ್ವ, ನಿಜವಾದ ಕನಸು ಇವೆಲ್ಲ ನನಗೆ ಸುಲಭದ ತುತ್ತು. ಮದುವೆ ಮನೆಗಳಲ್ಲಿ ಹಿರಿಯರು ನನ್ನನ್ನು ಕಂಡು ಮಾತು ಬದಲಾಯಿಸುತ್ತಿದ್ದರು, ನನಗದು ಹೆಮ್ಮೆಯೂ ಆಗಿತ್ತು.

ಈಗ ನಾನೇ ಹೇಳಲು ಕೂತಿದ್ದೇನೆ. ಆ ಮೂರು ಪ್ರಶ್ನೆಗಳನ್ನು ಮೊದಲು ನನಗೇ ಕೇಳಿಕೊಂಡಿದ್ದೇನೆ, ಒಂದು ಸಲವಲ್ಲ, ವರ್ಷಗಟ್ಟಲೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಸ್ಟಿನ್‌ನಲ್ಲಿ ಲೋಹಶಾಸ್ತ್ರದ ಎಂ.ಎಸ್. ಓದುತ್ತಿದ್ದೆ. ಲಾಂಗ್ ವೀಕೆಂಡ್ ಬಂತೆಂದರೆ ಬಸ್ ಹಿಡಿದು ಡಾಲಸ್‌ಗೆ ಹೋಗಿ ಇರ್ವಿಂಗ್‌ನ ಸರೋಜಾ ಆಂಟಿಯ ಮನೆ ಸೇರುತ್ತಿದ್ದೆ. ಆಂಟಿ ಧಾರವಾಡದವರು, ನನ್ನ ಅಮ್ಮನ ಗೆಳತಿಯ ಅಕ್ಕ. ಅಂಕಲ್‌ಗೆ ಲಾಸ್ ಕೋಲಿನಾಸ್‌ನಲ್ಲಿ ಕೆಲಸ. ಆಫೀಸಿಲ್ಲದ ಹೊತ್ತಿನಲ್ಲೆಲ್ಲ ಅವರ ಕೊರಳಲ್ಲಿ ಕ್ಯಾಮೆರಾ ನೇತಾಡುತ್ತಿತ್ತು. ಒಗ್ಗರಣೆ ಹಾಕಿದರೂ ಒಂದು ಫೋಟೊ, ಪಕ್ಕದ ಮನೆಯ ಬೆಕ್ಕು ಬೇಲಿ ಹತ್ತಿದರೂ ಒಂದು ಫೋಟೊ.

ಆ ಬೆಕ್ಕಿನ ಒಡತಿ ನೋರಾ. ಎಂಬತ್ತು ದಾಟಿದ್ದ ಒಂಟಿ ಹೆಂಗಸು, ಐರಿಷ್ ಮೂಲದವರು, ಹುಟ್ಟಿ ಬೆಳೆದದ್ದು ಹ್ಯೂಸ್ಟನ್‌ನಲ್ಲಿ. ಅವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಆಂಟಿ ದಿನಾ ಬೇಲಿ ದಾಟಿ ಅನ್ನ ಸಾರು ಕೊಟ್ಟು ಬರುತ್ತಿದ್ದರು. ಎದ್ದು ಓಡಾಡುವಂತಾದ ಮೇಲೆ ನೋರಾ ಒಂದು ಬೆಳ್ಳಿಯ ಚಮಚ ತಂದು ಆಂಟಿಯ ಕೈಯಲ್ಲಿಟ್ಟರು. ಇದು ನನ್ನ ಅಜ್ಜಿಯದು, ನಾನು ಸತ್ತರೆ ಯಾರಾದರೂ ಕರಗಿಸಿಬಿಡುತ್ತಾರೆ, ನಿನ್ನ ಹತ್ತಿರ ಇರಲಿ ಎಂದರು. ತೆಳ್ಳಗೆ ಬಳುಕಿದ ಹಿಡಿಕೆ, ಮೊಟ್ಟೆಯಾಕಾರದ ಪುಟ್ಟ ಬಟ್ಟಲು. ಅಳತೆಯಲ್ಲಿ ನಮ್ಮ ಉದ್ಧರಣೆಯಷ್ಟೇ ಇತ್ತು. ಇಷ್ಟು ಚಂದದ ಬೆಳ್ಳಿಯನ್ನು ಡ್ರಾಯರಿನಲ್ಲಿಡಲು ಆಂಟಿಗೆ ಮನಸ್ಸಾಗಲಿಲ್ಲ. ದೇವರ ಮನೆಯಲ್ಲಿ ತೀರ್ಥ ಕೊಡಲು ಇಟ್ಟುಕೊಂಡರು.

ಆದರೆ ಅದಕ್ಕೆ ಮೊದಲು ಅದು ಮಡಿಯಾಗಬೇಕಿತ್ತು. ಎಷ್ಟೋ ತಲೆಮಾರಿನವರು ಉಂಡ ಚಮಚ. ಆಂಟಿ ಅದನ್ನು ಹುಣಸೆಹಣ್ಣಿನಲ್ಲಿ ನೆನೆಸಿದರು, ವಿಭೂತಿಯಿಂದ ತಿಕ್ಕಿದರು, ಸಮಾಧಾನವಾಗದೆ ಊರಿಂದ ತಂದಿದ್ದ ಪಾತ್ರೆ ಪುಡಿ ಹಾಕಿ ಉಜ್ಜಿದರು. ಆಮೇಲೂ ಪ್ರತಿ ಶುಕ್ರವಾರ ಉಳಿದ ಬೆಳ್ಳಿಯ ಜೊತೆ ಅದಕ್ಕೂ ಅದೇ ಉಪಚಾರ. ವರ್ಷವೆರಡರಲ್ಲಿ ಅದು ಕನ್ನಡಿಯಂತಾಯಿತು. ಹಿಡಿಕೆಯ ಹಿಂಬದಿಯಲ್ಲಿ ಮೊದಲೇ ಸವೆದು ಮಸುಕಾಗಿದ್ದ ಒಂದು ಗುರುತು ಪೂರ್ತಿ ಹೋಗಿಬಿಟ್ಟಿತು. ಹೋಗಿದೆ ಎನ್ನುವುದೂ ಯಾರಿಗೂ ಗೊತ್ತಾಗಲಿಲ್ಲ, ಬೇಕಾಗುವವರೆಗೆ.

ಬೇಕಾದದ್ದು ನೋರಾರ ಅಜ್ಜಿಯ ಸಮಾಧಿಗಾಗಿ. ಬ್ರಿಜಿಡ್ ಎಂಬ ಆ ಅಜ್ಜಿ ಹದಿಹರೆಯದಲ್ಲಿ ಐರ್ಲೆಂಡಿನಿಂದ ಹಡಗಿನಲ್ಲಿ ಬಂದು ಹ್ಯೂಸ್ಟನ್‌ನ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕೆ ನಿಂತಿದ್ದರಂತೆ. ಒಂದು ದಿನ ಅವರ ಪೆಟ್ಟಿಗೆಯಲ್ಲಿ ಈ ಚಮಚ ಸಿಕ್ಕಿತು. ಮನೆಯೊಡತಿ ಕದ್ದದ್ದೆಂದಳು. ಇದು ನನ್ನ ಅಜ್ಜ ಮಾಡಿದ್ದು, ನನ್ನ ಅಜ್ಜ ಬೆಳ್ಳಿ ಕೆಲಸದವನು ಎಂದು ಹುಡುಗಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನ ಕೈ ತಾಗಿದ್ದು ನಮಗೆ ಬೇಡ ಎಂದು ಚಮಚವನ್ನೂ ಅವಳನ್ನೂ ಹೊರಗೆ ಹಾಕಿದರು. ಕಳ್ಳಿ ಎಂಬ ಆ ಹೆಸರು ಮಕ್ಕಳು ಮೊಮ್ಮಕ್ಕಳವರೆಗೂ ಹಿಂಬಾಲಿಸಿತು. ನೋರಾರ ತಮ್ಮ ಪ್ಯಾಟ್ ಶಾಲೆಯಲ್ಲಿ ಕಳ್ಳಿಯ ಮೊಮ್ಮಗ ಎನಿಸಿಕೊಂಡು, ಕೊನೆಗೆ ತಾನೂ ಅದನ್ನೇ ನಂಬಿದ್ದ. ಈಗ ನೋರಾ ಹೊಸ ಸಮಾಧಿ ಕಲ್ಲು ಹಾಕಿಸಿ ಅದರ ಮೇಲೆ 'ಬೆಳ್ಳಿ ಕೆಲಸದ ರಿಯರ್ಡನ್ ಅವರ ಮೊಮ್ಮಗಳು' ಎಂಬ ಒಂದು ಸಾಲು ಕೆತ್ತಿಸಬೇಕೆಂದಿದ್ದರು. ರಿಯರ್ಡನ್ ಎಂಬುದು ಅಜ್ಜಿಯ ತವರಿನ ಹೆಸರು. ಸಮಾಧಿಯ ಜಾಗ ಪ್ಯಾಟ್ ಹೆಸರಿನಲ್ಲಿತ್ತು. ಕಲ್ಲಿನ ಮೇಲೆ ಸುಳ್ಳು ಕೆತ್ತಲು ನಾನು ಬಿಡುವುದಿಲ್ಲ ಎಂದು ಅವನ ಹಟ. ಅಕ್ಕ ತಮ್ಮ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಚಮಚಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಆಸ್ಟಿನ್‌ನ ಲೈಬ್ರರಿಯಲ್ಲಿ ಓದಿ ತಿಳಿದುಕೊಂಡೆ. ಐರಿಷ್ ಬೆಳ್ಳಿಯನ್ನು ಪರೀಕ್ಷಿಸಿ ಸರ್ಕಾರಿ ಮುದ್ರೆ ಹಾಕುತ್ತಿದ್ದದ್ದು ದೂರದ ಡಬ್ಲಿನ್‌ನಲ್ಲಿ. ದಕ್ಷಿಣದ ಊರುಗಳ ಕೆಲಸಗಾರರು ಅಷ್ಟು ದೂರ ಹೋಗದೆ, ಅಪ್ಪಟ ಬೆಳ್ಳಿ ಎಂಬರ್ಥದ ಸ್ಟರ್ಲಿಂಗ್ ಎಂಬ ಪದವನ್ನೂ ಪಕ್ಕದಲ್ಲಿ ತಮ್ಮ ಹೆಸರಿನ ಎರಡು ಅಕ್ಷರಗಳನ್ನೂ ತಾವೇ ಒತ್ತಿಬಿಡುತ್ತಿದ್ದರು. ಅಂದರೆ ಮಾಡಿದವನು ಯಾರೆಂದು ಹೇಳಲು ಆ ಎರಡು ಅಕ್ಷರ ಬಿಟ್ಟರೆ ಬೇರೆ ದಾರಿಯಿಲ್ಲ. ಆಂಟಿಯ ಉದ್ಧರಣೆಯಲ್ಲಿ ಸ್ಟರ್ಲಿಂಗ್‌ನ ಬಾಲ ಮಾತ್ರ ಉಳಿದಿತ್ತು. ಪಕ್ಕದ ಜಾಗ ನುಣ್ಣಗಿತ್ತು.

"ಏನೋ ಗೀರಿದಂಗ ಇತ್ತವಾ. ನಾ ಕಿಲುಬು ಅನಕೊಂಡು ಇನ್ನಷ್ಟು ತಿಕ್ಕಿದೆ" ಎಂದರು ಆಂಟಿ. ಹೇಳುವಾಗ ಅವರ ಕಣ್ಣು ತುಂಬಿತ್ತು. "ಆಕಿ ಅಜ್ಜಿ ಮರ್ಯಾದಿ ನನ್ನ ಕೈಲೇ ತೊಳದು ಸಿಂಕಿಗೆ ಹಾಕಿದಂಗಾತು."

ನಾನು ಹೇಳಬೇಕೆಂದಿರುವುದು ನಡೆದದ್ದು ಗೋಕುಲಾಷ್ಟಮಿಯ ಹಿಂದಿನ ಸಂಜೆ. ಹೊರಗೆ ಟೆಕ್ಸಸ್‌ನ ಆಗಸ್ಟ್ ಬಿಸಿಲು ಇನ್ನೂ ಇಳಿದಿರಲಿಲ್ಲ. ಆಂಟಿ ಚಕ್ಕುಲಿಗೆಂದು ಕರಿಯ ಬೇಕಿಂಗ್ ಟ್ರೇ ತುಂಬ ಅಕ್ಕಿಹಿಟ್ಟು ಜರಡಿ ಹಿಡಿದಿಟ್ಟಿದ್ದರು. ನೋರಾ ಅಡುಗೆಮನೆಯ ಮೇಜಿನ ಬಳಿ ಕೂತಿದ್ದರು. ಫೋನ್ ಬಂತು. ಪ್ಯಾಟ್. ನೋರಾ ಚಮಚದ ವಿಷಯ ಬರೆದು, ಆಂಟಿಯ ಮನೆಯ ನಂಬರು ಕೊಟ್ಟು, ಅವನಿಗೆ ಮೊದಲೇ ಕಾಗದ ಹಾಕಿದ್ದರು. ಎರಡು ಮಾತಾಡಿ ಫೋನನ್ನು ನನಗೆ ಕೊಟ್ಟರು.

"ಮಾತಾಡವಾ, ವಾದಾ ಮಾಡೂದ್ರಾಗ ನಿನ್ನ ಬಿಟ್ಟರ ಯಾರಿದ್ದಾರ" ಎಂದು ಅಂಕಲ್ ಕಿಚಾಯಿಸಿದರು.

ಪ್ಯಾಟ್ ಹೇಳಿದ್ದು ಇಷ್ಟು. ಅಜ್ಜಿ ಹಡಗಿನಿಂದ ಇಳಿಯುವಾಗ ಬೆರಳಲ್ಲಿದ್ದ, ಹೊಲಿಯುವಾಗ ಸೂಜಿ ಚುಚ್ಚದಂತೆ ಹಾಕಿಕೊಳ್ಳುವ ಬೆಳ್ಳಿ ಬೆರಳುಟೋಪಿ ಅವನ ಹತ್ತಿರವಿತ್ತು. ಅದು ಅಜ್ಜಿಯದೇ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಮೊನ್ನೆ ಒರೆಸಿ ನೋಡಿದರೆ ಅದರ ಅಂಚಿನಲ್ಲೂ ಒಂದು ಗುರುತಿದೆ. ಏನು ಗುರುತು ಎಂದು ಅವನು ಹೇಳುವುದಿಲ್ಲ. ಚಮಚದ ಮೇಲೆ ಏನಿದೆ ಎಂದು ಮೊದಲು ನಾವು ಹೇಳಬೇಕು. ಎರಡೂ ಒಂದೇ ಆದರೆ ಸಾಲು ಕೆತ್ತಿಸಬಹುದು.

ನನಗೆ ಒಳಗೊಳಗೇ ಮೆಚ್ಚಿಗೆಯಾಯಿತು. ಇದಕ್ಕಿಂತ ನ್ಯಾಯದ ಪರೀಕ್ಷೆ ನಾನೂ ಹೇಳಲಾರೆ. ಆದರೆ ನಮ್ಮ ಕೈಯಲ್ಲಿ ಉತ್ತರವಿರಲಿಲ್ಲವಲ್ಲ. ಹಾಗಾಗಿ ವಾದಕ್ಕಿಳಿದೆ. ಎಡಗೈಯಲ್ಲಿ ಚಮಚ, ಹೆಗಲು ಕಿವಿಗಳ ನಡುವೆ ಫೋನು. ಗುರುತು ಅಳಿಸಿದ್ದು ಅಜ್ಜಿಯ ತಪ್ಪಲ್ಲ, ಅನುಮಾನದ ಲಾಭ ಅವರಿಗೇ ಹೋಗಬೇಕು ಎಂದೆಲ್ಲ ಹೇಳಿದೆ.

"ನೀನು ವಕೀಲಳಾ, ಮಗು?" ಎಂದ ಮುದುಕ.

"ಇಲ್ಲ. ಲೋಹ ಓದುತ್ತಿದ್ದೇನೆ."

"ಹಾಗಾದರೆ ಲೋಹವನ್ನು ಮಾತಾಡಿಸು. ನನ್ನನ್ನಲ್ಲ" ಎಂದು ಫೋನಿಟ್ಟ.

ಸೋತ ಸಿಟ್ಟಿನಲ್ಲಿ ತಿರುಗಿದರೆ ಆಂಟಿ ಟ್ರೇಯನ್ನೇ ನೋಡುತ್ತಿದ್ದರು. "ಇದೇನ ಬರದೀಯವಾ?" ಎಂದು ಕೇಳಿದರು.

ಮಾತಾಡುವಾಗ ನನ್ನ ಬಲಗೈ ಬೆರಳು ಹಿಟ್ಟಿನಲ್ಲಿ ಆಡುತ್ತಿತ್ತು. ಫೋನಿನಲ್ಲಿ ಎಲ್ಲರೂ ಮಾಡುವ ಕೆಲಸ. ಆದರೆ ಅಲ್ಲಿದ್ದದ್ದು ಸುಮ್ಮನೆ ಎಳೆದ ಗೀಟುಗಳಲ್ಲ. ಅಚ್ಚುಕಟ್ಟಾದ ಒಂದು ಚೌಕ, ಮೂಲೆಯೊಂದು ಚೂರು ಮುರಿದಂತೆ. ಒಳಗೆ ಅಕ್ಕಪಕ್ಕ ಎರಡು ಆಕಾರ, ಎಡಕ್ಕೆ ಹಿಡಿಕೆಯಿರುವ ಎರಡು ಲೋಟಗಳಂತೆ. ಒಂದರ ಕೆಳಗೆ, ಅಂಟಿಕೊಳ್ಳದೆ, ಸೋರಿದ ಹನಿಯಂಥ ಪುಟ್ಟ ಗೀಟು. ಅದೇ ಆಕಾರವನ್ನು ಒಂದರ ಮೇಲೊಂದು ಹಲವು ಸಲ ತಿದ್ದಿದ್ದೆ, ಮಕ್ಕಳು ಅಕ್ಷರ ತಿದ್ದುವ ಹಾಗೆ. ಕರಿಯ ತಳ ಸ್ಪಷ್ಟವಾಗಿ ಕಾಣುತ್ತಿತ್ತು. ಬರೆದ ನೆನಪು ನನಗೆ ಸ್ವಲ್ಪವೂ ಇರಲಿಲ್ಲ.

"ಹುಡಿಗಿಗೆ ಕಾಫಿ ಬೇಕಾಗೇದ. ಎರಡು ಕಪ್ಪು ತಗದಾಳ, ಒಂದು ಸೋರಲಿಕ್ಹತ್ತೇದ" ಎಂದರು ಅಂಕಲ್. ಎಲ್ಲರೂ ನಕ್ಕೆವು. ಅಂಕಲ್ ಟ್ರೇಯ ಫೋಟೊ ಹೊಡೆದರು, ಆಂಟಿ ಹಿಟ್ಟು ಕಲಸಿದರು. ನೋರಾ ಒಬ್ಬರು ನಗಲಿಲ್ಲ. ಅಳಿಸುವುದಕ್ಕೆ ಮೊದಲು ಅದನ್ನು ತುಸು ಹೊತ್ತು ನೋಡುತ್ತ ಕೂತಿದ್ದರು. ಮುದುಕಿಗೆ ತಮ್ಮನ ಮಾತಿನಿಂದ ನೋವಾಗಿದೆ ಎಂದುಕೊಂಡೆ.

ಅಂದು ಆಗಿದ್ದು ಅಷ್ಟೇ. ಗಾಳಿ ಬೀಸಲಿಲ್ಲ, ದೀಪ ಆರಲಿಲ್ಲ. ಚಕ್ಕುಲಿ ಚೆನ್ನಾಗಿತ್ತು.

ಪ್ಯಾಟ್‌ನ ಮಾತು ಮಾತ್ರ ಬಸ್ಸಿನಲ್ಲಿ ಆಸ್ಟಿನ್‌ವರೆಗೂ ಕೊರೆಯಿತು. ಲೋಹವನ್ನು ಮಾತಾಡಿಸು. ಆಗ ಹೊಳೆಯಿತು. ಉಕ್ಕಿನ ಮೊಹರನ್ನು ಬೆಳ್ಳಿಯ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದಾಗ ಮೇಲ್ಮೈ ಮಾತ್ರವಲ್ಲ, ಅದರ ಅಡಿಯ ಲೋಹವೂ ಒತ್ತಿ ಗಟ್ಟಿಯಾಗುತ್ತದೆ. ಮೇಲಿನದನ್ನು ಎಷ್ಟು ತಿಕ್ಕಿದರೂ ಅಡಿಯದು ಸ್ವಲ್ಪ ಉಳಿದಿರುತ್ತದೆ. ತೆಳುವಾದ ಆಮ್ಲ ಸವರಿದರೆ ಒತ್ತಿದ ಭಾಗ ಸುತ್ತಲಿನದಕ್ಕಿಂತ ಬೇರೆ ರೀತಿ ಕರಗಿ ನೆರಳಿನಂತೆ ಕಾಣಿಸಿಕೊಳ್ಳಬಹುದು. ಪೊಲೀಸರು ಕದ್ದ ಬಂದೂಕಿನ ಉಜ್ಜಿದ ನಂಬರನ್ನು ಓದುವುದು ಹೀಗೆಯೇ. ನೋರಾರನ್ನು ಕೇಳಿದೆ. ಹಾಳಾದರೆ ಆಗಲಿ, ಈಗಂತೂ ಅದು ಮೂಕವಾಗಿದೆ ಎಂದರು. ಆಂಟಿ ಉದ್ಧರಣೆಯನ್ನು ರೇಷ್ಮೆ ತುಂಡಿನಲ್ಲಿ ಸುತ್ತಿ ಕೊರಿಯರ್ ಮಾಡಿದರು.

ಪ್ರೊಫೆಸರರ ಒಪ್ಪಿಗೆ ಪಡೆದು, ಮೊದಲು ಆಮ್ಲ ಹಾಕದೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಅಲ್ಲಿ ಏನೂ ಇರಲಿಲ್ಲ. ಬೆಳಕನ್ನು ಯಾವ ಕಡೆಯಿಂದ ಬಿಟ್ಟರೂ ಆಂಟಿಯ ಪಾತ್ರೆ ಪುಡಿಯ ಗೀರುಗಳು ಮಾತ್ರ. ಆಮೇಲೆ ಆಮ್ಲ ಸವರಿದೆ, ತೊಳೆದೆ, ಮತ್ತೆ ಸವರಿದೆ. ನಿಧಾನವಾಗಿ, ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟಾಗ ಹಳೆಯ ಬೆರಳ ಗುರುತು ಏಳುತ್ತದಲ್ಲ, ಹಾಗೆ ಎದ್ದು ಬಂತು. ಒಂದು ಚೌಕ. ಒಳಗೆ ಇಂಗ್ಲಿಷಿನ ಡಿ ಮತ್ತು ಆರ್. ಆರ್ ಅಕ್ಷರದ ಓರೆಗಾಲು ನಡುವೆ ಮುರಿದು, ತುದಿ ಮಾತ್ರ ಬೇರೆಯಾಗಿ ನಿಂತಿತ್ತು. ಮೊಹರೇ ಹಾಗೆ ಮುಕ್ಕಾಗಿದ್ದಿರಬೇಕು. ಚೌಕದ ಒಂದು ಮೂಲೆಯೂ ಮುಕ್ಕಾಗಿತ್ತು. ನಾನು ಲ್ಯಾಬಿನಲ್ಲಿ ಒಬ್ಬಳೇ ಕುಣಿದೆ. ಹಿಟ್ಟಿನ ಟ್ರೇ ನೆನಪಿಗೂ ಬರಲಿಲ್ಲ. ಲೋಟಗಳಿಗೂ ಅಕ್ಷರಗಳಿಗೂ ಯಾವ ಹೋಲಿಕೆಯೂ ನನಗೆ ಕಾಣಲಿಲ್ಲ.

ಮುಂದಿನ ಶನಿವಾರ ಅಂಕಲ್, ಆಂಟಿ, ನೋರಾ ಇರ್ವಿಂಗ್‌ನಿಂದ ಡ್ರೈವ್ ಮಾಡಿಕೊಂಡು ಹೋದರು, ನಾನು ಆಸ್ಟಿನ್‌ನಿಂದ ಬಸ್ಸಿನಲ್ಲಿ ಹ್ಯೂಸ್ಟನ್‌ನ ಪ್ಯಾಟ್ ಮನೆ ಸೇರಿದೆ. ಪ್ಯಾಟ್ ಅಕ್ಕನನ್ನು ಬಾಗಿಲಲ್ಲಿ ನೋಡಿ ಕುರ್ಚಿ ಎಳೆದುಕೊಟ್ಟ. ನಾನು ಕಾಗದದ ಮೇಲೆ ಚೌಕ, ಎರಡು ಅಕ್ಷರ, ಮುರಿದ ಕಾಲು, ಮುಕ್ಕಾದ ಮೂಲೆ ಎಲ್ಲ ಬರೆದು ಅವನ ಮುಂದಿಟ್ಟೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ಒಳಗೆ ಹೋಗಿ ಬೆರಳುಟೋಪಿಯನ್ನೂ ಭೂತಗನ್ನಡಿಯನ್ನೂ ತಂದು, ನನಗಲ್ಲ, ಅಕ್ಕನಿಗೆ ಕೊಟ್ಟ.

ನೋರಾ ನೋಡಿ ಆಂಟಿಗೆ ಕೊಟ್ಟರು, ಆಂಟಿ ನನಗೆ. ಅದೇ ಚೌಕ. ಅದೇ ಡಿ, ಅದೇ ಆರ್, ಕಾಲು ಅದೇ ಜಾಗದಲ್ಲಿ ಮುರಿದಿತ್ತು. ಎರಡನ್ನೂ ಒತ್ತಿದ್ದು ಒಂದೇ ಮೊಹರು, ಒಬ್ಬನೇ ಮನುಷ್ಯ.

ಪ್ಯಾಟ್ ಮೇಜಿನ ಅಂಚನ್ನು ಸವರಿದ. "ಅವಳ ಮಡಿಲಲ್ಲಿ ಕೂತು ಕೇಳಿದ್ದೆ ನಾನು, ಅಜ್ಜಿ ನೀನು ಕದ್ದೆಯಾ ಅಂತ" ಎಂದ. "ಇಲ್ಲ ಅಂದಳು. ನಾನು ಅವಳನ್ನು ನಂಬಲಿಲ್ಲ." ನೋರಾ ಅವನ ಕೈಯ ಮೇಲೆ ಕೈಯಿಟ್ಟರು.

ಮಾತು ಬದಲಿಸಲೆಂದು ಅಂಕಲ್ ತಮ್ಮ ಚೀಲ ತೆಗೆದರು. ತೊಳೆಸಿ ತಂದಿದ್ದ ಹಬ್ಬದ ಫಿಲ್ಮ್ ಅದರಲ್ಲಿತ್ತು. "ನೋರಾಗ ಯಾವ್ಯಾವ ಫೋಟೊ ಬೇಕಂತ ಆರಿಸವಾ, ಪ್ರಿಂಟ್ ಹಾಕಸ್ತೀನಿ" ಎಂದು ನೆಗೆಟಿವ್ ಪಟ್ಟಿಗಳನ್ನು ನನ್ನ ಕೈಗೆ ಕೊಟ್ಟರು. ನಾನು ಒಂದನ್ನು ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದೆ. ಗಡಿಬಿಡಿಯಲ್ಲಿ ಹಿಂದು ಮುಂದಾಗಿ ಹಿಡಿದಿದ್ದೆ.

ಅದರಲ್ಲಿ ಒಂದು ಚೌಕವಿತ್ತು. ಚೌಕದೊಳಗೆ ಡಿ, ಆರ್. ಆರ್‌ನ ಕಾಲು ಮುರಿದಿತ್ತು.

ಲ್ಯಾಬಿನಲ್ಲಿ ಕಂಡ ಗುರುತು ಇವರ ಫಿಲ್ಮಿಗೆ ಹೇಗೆ ಬಂತು ಎಂದು ಒಂದು ಕ್ಷಣ ಯೋಚಿಸಿದೆ. ಆಮೇಲೆ ಸುತ್ತಲಿನ ಟ್ರೇಯ ಅಂಚು ಕಂಡಿತು, ಅದರಾಚೆ ಚಕ್ಕುಲಿ ಒರಳು. ಪಟ್ಟಿಯನ್ನು ತಿರುಗಿಸಿ ಸರಿಯಾಗಿ ಹಿಡಿದೆ. ಎರಡು ಲೋಟ, ಒಂದು ಸೋರುತ್ತಿರುವ ಹನಿ. ಮತ್ತೆ ತಿರುಗಿಸಿದೆ. ಅಕ್ಷರ. ನಾನು ಹಿಟ್ಟಿನಲ್ಲಿ ಬರೆದದ್ದು ಆ ಗುರುತನ್ನೇ, ಕನ್ನಡಿಯಲ್ಲಿ ಕಂಡ ಹಾಗೆ ಬಲದ್ದು ಎಡಕ್ಕೆ ಮಾಡಿ. ಯಾರೂ ಓದಲಾಗದ ಗುರುತನ್ನು ಲ್ಯಾಬಿನಲ್ಲಿ ಎಬ್ಬಿಸುವ ಮೊದಲೇ ಬರೆದಿದ್ದೆ.

ಲೋಹ ಓದಿದವಳಿಗೆ ಮುಂದಿನದು ಹೊಳೆಯಲು ಹೊತ್ತು ಬೇಕಾಗಲಿಲ್ಲ. ಬೆಳ್ಳಿಯ ಮೇಲೆ ಅಕ್ಷರ ನೇರವಾಗಿ ಬೀಳಬೇಕಾದರೆ ಉಕ್ಕಿನ ಮೊಹರಿನಲ್ಲಿ ಅದನ್ನು ತಿರುವಿ ಕೊರೆಯಬೇಕು. ಚಮಚ ನೋಡಿದವರು, ಮಾರಿದವರು, ಉಂಡವರು, ತಿಕ್ಕಿದವರು ಎಲ್ಲರೂ ಕಂಡದ್ದು ನೇರ ಅಕ್ಷರ. ತಿರುವಿದ ಅಕ್ಷರವನ್ನು ದಿನಾ ಕಣ್ಣೆದುರು ಕಾಣುತ್ತಿದ್ದವನು ಮೊಹರನ್ನು ಕೈಯಲ್ಲಿ ಹಿಡಿಯುತ್ತಿದ್ದವನೊಬ್ಬನೇ.

ನೆಗೆಟಿವನ್ನು ಎರಡೂ ಬಗೆಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದೆ. ಆಂಟಿ ಕೈ ಮುಗಿದರು. ಪ್ಯಾಟ್ ಅದನ್ನು ಆ ಕಡೆ ಈ ಕಡೆ ತಿರುಗಿಸಿ, "ಈಗ ವಾದ ಮಾಡು ನೋಡೋಣ" ಎಂದ. ಅದು ವ್ಯಂಗ್ಯವಾಗಿರಲಿಲ್ಲ. ಅವನಿಗೂ ಯಾರಾದರೂ ವಾದ ಮಾಡಿ ಅದನ್ನು ಇಲ್ಲವಾಗಿಸಿದರೆ ಸಾಕಿತ್ತು.

ಮಾಡಿದ್ದೇನೆ. ಆವತ್ತಲ್ಲ, ಆಮೇಲೆ. ನನ್ನ ವಿರುದ್ಧ ನಾನೇ ನಿಂತು ಮಾಡಿದ್ದೇನೆ. ಅಕ್ಷರಗಳನ್ನು ಎದುರಾಳಿಗೆ ಬಿಟ್ಟುಕೊಡುತ್ತೇನೆ. ರಿಯರ್ಡನ್ ಎಂಬ ಹೆಸರು ನನಗೆ ಗೊತ್ತಿತ್ತು. ಅಜ್ಜಿ ತನ್ನ ಅಜ್ಜನ ಹೆಸರನ್ನೇ ಮಗನಿಗೆ ಇಟ್ಟದ್ದು, ಆ ಮಗ, ನೋರಾರ ತಂದೆ, ಡೆನಿಸ್ ಎಂಬುದು ಎಂದೋ ನನ್ನ ಕಿವಿಗೆ ಬಿದ್ದಿರಬಹುದು. ಕೈ ತನ್ನಷ್ಟಕ್ಕೆ ಬರೆಯುವುದೂ ಹೊಸದಲ್ಲ, ಮನಸ್ಸಿನ ಮೂಲೆಯಲ್ಲಿರುವುದನ್ನು ಬೆರಳು ಹೊರಹಾಕುತ್ತದೆ. ಆದರೆ ಆರ್‌ನ ಕಾಲು ಮುರಿದದ್ದು ನನ್ನ ಮನಸ್ಸಿನ ಯಾವ ಮೂಲೆಯಲ್ಲಿತ್ತು? ಮೂಲೆ ಮುಕ್ಕಾದದ್ದು? ಚಮಚದಲ್ಲಿ ಗುರುತು ಇದ್ದ ಕಾಲದಲ್ಲಿ ನಾನು ಅದನ್ನು ಕಂಡಿರಲಿಲ್ಲ. ಕಂಡಿದ್ದ ಆಂಟಿಗೆ ಅದು ಕಿಲುಬು. ಪ್ಯಾಟ್ ಬಾಯಿ ಬಿಟ್ಟಿರಲಿಲ್ಲ.

ಒಂದೇ ಒಂದು ದಾರಿ ಉಳಿದಿತ್ತು. ಫೋನಿನಲ್ಲಿ ಮಾತಾಡುವಾಗ ನನ್ನ ಎಡಗೈ ಹೆಬ್ಬೆರಳು ಆ ಜಾಗದ ಮೇಲೆಯೇ ಇತ್ತು. ಚರ್ಮದ ಮೇಲೆ ಒತ್ತಿದ ಅಚ್ಚು ತಿರುವಿಯೇ ಬೀಳುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿದಿರಬಹುದೆ? ಈ ವಾದ ಹೊಳೆದ ದಿನ ನನಗೆ ಜೀವ ಬಂದಂತಾಯಿತು. ಲ್ಯಾಬಿನಲ್ಲಿ ಬೆಳ್ಳಿಯ ತಗಡುಗಳ ಮೇಲೆ ಅಕ್ಷರ ಒತ್ತಿಸಿ, ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಉಜ್ಜಿ, ಯಾವುದು ಯಾವುದೆಂದು ತಿಳಿಯದಂತೆ ಬೆರೆಸಿ, ಗೆಳತಿಯರ ಕೈಗೂ ಕೊಟ್ಟು ನಾನೂ ಹಿಡಿದು, ಹಿಟ್ಟಿನ ಮುಂದೆ ಕೂತೆವು. ಫೋನಿನಲ್ಲಿ ಜಗಳವೂ ಆಡಿದೆ. ಯಾರ ಬೆರಳೂ ಯಾವ ಅಕ್ಷರವನ್ನೂ ಬರೆಯಲಿಲ್ಲ. ಅದೇ ಉದ್ಧರಣೆ ಹಿಡಿದು ಆಂಟಿಯ ಅಡುಗೆಮನೆಯಲ್ಲೇ ಕೂತರೂ ನನ್ನ ಬೆರಳಿಗೆ ಬಂದದ್ದು ಹಿಟ್ಟು ಮಾತ್ರ.

ಹಾಗಾಗಿ ನನ್ನ ಮೂರು ಪ್ರಶ್ನೆಗಳಿಗೆ ಉತ್ತರ ಹೀಗಿದೆ. ಅಲ್ಲಿ ಮೂವರಿದ್ದರು. ದಾಖಲೆ ಅಂಕಲ್‌ನ ಫಿಲ್ಮಿನಲ್ಲಿದೆ. ಬೇರೆ ದಾರಿಯಿಂದ ತಿಳಿದಿರಬಹುದೆ ಎಂಬುದಕ್ಕೆ, ಹೌದು ಎನ್ನಲು ನನಗೆ ಇಷ್ಟ. ದಾರಿ ಮಾತ್ರ ಸಿಗುತ್ತಿಲ್ಲ.

ಕಲ್ಲು ಆ ಚಳಿಗಾಲದಲ್ಲೇ ನಿಂತಿತು. ಪ್ಯಾಟ್ ತಾನೇ ಮುಂದೆ ನಿಂತು ಕೆತ್ತಿಸಿದ್ದ. ಬ್ರಿಜಿಡ್ ಹೆಸರಿನ ಕೆಳಗೆ 'ಬೆಳ್ಳಿ ಕೆಲಸದ ಡಿ. ರಿಯರ್ಡನ್ ಅವರ ಮೊಮ್ಮಗಳು'. ನೋರಾ ಕೋಲೂರಿಕೊಂಡು ಆ ಸಾಲನ್ನು ಬೆರಳಿನಿಂದ ಸವರುತ್ತ ನಿಂತಿದ್ದರು. ಆ ಸಂಜೆ ಹಿಟ್ಟಿನ ಟ್ರೇಯಲ್ಲಿ ನೀವು ಏನು ನೋಡುತ್ತಿದ್ದಿರಿ ಎಂದು ಕೇಳಿದೆ. ಬರೆದದ್ದನ್ನಲ್ಲ, ಅದನ್ನು ಬರೆದ ನಿನ್ನ ಕೈಯನ್ನು ನೆನೆಯುತ್ತಿದ್ದೆ ಎಂದರು. ಫೋನಿನಲ್ಲಿ ನೀನು ಜೋರಾಗಿ ಜಗಳವಾಡುತ್ತಿದ್ದೆ, ಮೈಯೆಲ್ಲ ಅಲುಗುತ್ತಿತ್ತು, ಆ ಕೈ ಮಾತ್ರ ಎಷ್ಟು ಸಾವಧಾನವಾಗಿ ಕೆಲಸ ಮಾಡುತ್ತಿತ್ತು ಅಂದರೆ, ಅದು ನಿನ್ನ ಕೈ ಅನ್ನಿಸಲಿಲ್ಲ.

ಸ್ವಲ್ಪ ಬಿಟ್ಟು, ಸಾಮಾನ್ಯದ ಮಾತೆಂಬಂತೆ ಅಂದರು: "ಮೊಮ್ಮಗಳನ್ನು ಕಳ್ಳಿ ಅಂದರೆ ಯಾವ ಅಜ್ಜ ಸುಮ್ಮನಿರುತ್ತಾನೆ?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲವೆಂದಲ್ಲ. ಸತ್ತವರಿಗೆ ಹಟವಿರುವುದಿಲ್ಲ, ನಿಮ್ಮ ಆಸೆಯೇ ನಿಮಗೆ ಕಾರಣದಂತೆ ಕಾಣುತ್ತಿದೆ ಎಂದು ಹೇಳಬಹುದಿತ್ತು. ಒಳ್ಳೆಯ ಉತ್ತರ, ಯಾವ ವೇದಿಕೆಯಲ್ಲೂ ಗೆಲ್ಲುವಂಥದ್ದು. ಹೇಳಲೆಂದು ಬಾಯಿ ತೆರೆದೆ. ನನ್ನ ಬಲಗೈ ಕೋಟಿನ ಜೇಬಿನಲ್ಲಿತ್ತು. ಅದು ಸುಮ್ಮನಿದೆಯೇ ಎಂದು ಮೊದಲು ನೋಡಿಕೊಂಡೆ. ಆಮೇಲೆ ಹೇಳಲಾಗಲಿಲ್ಲ.